ಗಂಡ ಸೈನ್ ಹಾಕಲ್ಲ ಅಂತ ಕೂತಿದ್ದಾರೆ, ಹಾಗಾದ್ರೆ ಡಿವೋರ್ಸ್ ಆಗೋದೇ ಇಲ್ವಾ?

ತುಂಗೆ ದಡದವಳು · ಆಗಸ್ಟ್ 3

ಎಲ್ಲರಿಗೂ ನಮಸ್ಕಾರ. ದಿನಾ ಓದ್ತೀನಿ, ಬರೀತಿರೋದು ಮೊದಲ ಸಲ. ನಂಗೆ 34, ಶಿವಮೊಗ್ಗ ಕಡೆಯವಳು, ಮದುವೆ ಆಗಿದ್ದು 2015ರಲ್ಲಿ, ಮಗಳಿಗೆ ಈಗ 8. ಅವರು ಬೆಂಗಳೂರಲ್ಲಿ ಕೆಲಸ ಮಾಡ್ತಾರೆ. 2020ರ ಲಾಕ್‌ಡೌನ್ ಸಡಿಲ ಆದ ಮೇಲೆ ಮಗು ಎತ್ಕೊಂಡು ತವರಿಗೆ ಬಂದವಳು ಇಲ್ಲೇ ಇದ್ದೀನಿ.

ಯಾಕೆ ಬಂದೆ ಅಂದ್ರೆ ಎಲ್ರೂ ಮೊದಲು ಕೇಳೋದು "ಕುಡೀತಾನಾ? ಹೊಡೀತಾನಾ?" ಅಂತ. ಕುಡೀತಿರ್ಲಿಲ್ಲ, ಹೊಡೆದಿದ್ದು ಒಂದೇ ಸಲ. ಮಾತು ನಿಲ್ಲಿಸಿಬಿಡ್ತಿದ್ರು, ಒಂದು ಸಲ 41 ದಿನ, ನಾನು ಕ್ಯಾಲೆಂಡರಲ್ಲಿ ಗುರುತು ಹಾಕಿದ್ದೆ. ಅಡುಗೆಮನೆ ಕಪಾಟಿಗೆ ಬೀಗ ಹಾಕಿ ಬೀಗದ ಕೈ ಜೇಬಲ್ಲಿಟ್ಕೊಂಡು ಆಫೀಸಿಗೆ ಹೋಗ್ತಿದ್ರು, ಬೆಳಿಗ್ಗೆ ಅಳೆದುಕೊಟ್ಟ ಅಕ್ಕಿ ಒಂದು ಪಾವು, ಒಂದು ಪ್ಯಾಕೆಟ್ ಹಾಲು, ಅಷ್ಟರಲ್ಲೇ ಆಗ್ಬೇಕು. ಒಂದು ಆಷಾಢದ ರಾತ್ರಿ ಮಗು ಒಳಗೆ ಮಲಗಿರುವಾಗ ನನ್ನ ಹೊರಗೆ ಹಾಕಿ ಬಾಗಿಲು ಹಾಕ್ಕೊಂಡ್ರು. ಒಳಗೆ ಅವಳು ಎದ್ದು ಅಳೋದು ಕೇಳಿಸ್ತಿತ್ತು. ಬಾಗಿಲು ತೆಗೆದಿದ್ದು ಬೆಳಿಗ್ಗೆ ಹಾಲಿನವನು ಬಂದಾಗ.

ಈಗ ಸಮಸ್ಯೆ ಏನಂದ್ರೆ ಬೇರೆ ಆಗೋಣ, ಇಬ್ಬರೂ ಸೇರಿ ಅರ್ಜಿ ಹಾಕೋಣ ಅಂತ ಮೂರು ಸಲ ಹೇಳಿ ಕಳಿಸಿದ್ದಾಯ್ತು. "ಡಿವೋರ್ಸ್ ಕೊಡಲ್ಲ, ಸಾಯೋವರೆಗೂ ಹಿಂಗೇ ಬಿದ್ದಿರು" ಅಂತಾರೆ. ಇಲ್ಲಿ ಒಬ್ಬ ವಕೀಲರ ಹತ್ರ ಹೋದ್ರೆ "ಮ್ಯೂಚುಯಲ್ ಆದ್ರೆ ಬೇಗ ಆಗುತ್ತಮ್ಮ, ಅವರನ್ನ ಒಪ್ಪಿಸಿ ಕರ್ಕೊಂಡು ಬಾ" ಅಂದ್ರು. ಒಪ್ಪೋರಾಗಿದ್ರೆ ನಾನು ಯಾಕೆ ಬರ್ತಿದ್ದೆ? ಸೈನ್ ಇಲ್ದೆ ದಾರಿನೇ ಇಲ್ವಾ? 2021ರ ಕೊನೆಗೆ ಕೋರ್ಟಲ್ಲಿ ಜೀವನಾಂಶ ಅಂತ ನಂಗೆ 5,000 ಮಗಳಿಗೆ 4,000 ಆರ್ಡರ್ ಆಗಿದೆ, ಅದೂ ಒಂದು ತಿಂಗಳು ಹಾಕಿದ್ರೆ ಎರಡು ತಿಂಗಳು ಇಲ್ಲ. ಟೈಲರಿಂಗ್ ಮಾಡ್ಕೊಂಡು ನಡೀತಿದೆ. ಗೊತ್ತಿರೋರು ಹೇಳಿ.

ಬೆಂಕಿಕಡ್ಡಿ · ಆಗಸ್ಟ್ 3

ಸಿಸ್ಟರ್, ಇಂಥವರಿಗೆ ಒಂದೇ ಮದ್ದು, ವರದಕ್ಷಿಣೆ ಕೇಸ್ ಹಾಕಿ, ಅವರಮ್ಮ ಅಕ್ಕ ಭಾವ ಎಲ್ಲರ ಹೆಸರೂ ಸೇರಿಸಿ. ಸ್ಟೇಷನ್‌ನಿಂದ ಫೋನ್ ಬಂದ ದಿನ ಓಡಿಬಂದು ಸೈನ್ ಹಾಕ್ತಾನೆ. ನಮ್ಮ ಪರಿಚಯದವರು ಹಿಂಗೇ ಮಾಡಿದ್ದು.

ಹಿರಿಯ ಜೀವ · ಆಗಸ್ಟ್ 3

ತಂಗಿ, ನಿನ್ನ ನೋವು ಅರ್ಥ ಆಗುತ್ತೆ. ಆದರೂ ಹೆಣ್ಣು ಮಗು ಇದೆ, ನಾಳೆ ಅವಳಿಗೆ ಗಂಡು ನೋಡುವಾಗ ಅಪ್ಪ ಎಲ್ಲಿ ಅಂತ ಕೇಳ್ತಾರೆ. ಹಿರಿಯರನ್ನ ಕೂರಿಸಿ ಇನ್ನೊಂದು ಸಲ ಮಾತಾಡಿ ನೋಡು, ಮದುವೆ ಮುರಿಯೋದು ಸುಲಭ, ಕಟ್ಟೋದು ಕಷ್ಟ.

ತುಂಗೆ ದಡದವಳು · ಆಗಸ್ಟ್ 3

ಸರ್, ನೀವು ಒಳ್ಳೇ ಮನಸ್ಸಿಂದ ಹೇಳಿದ್ರಿ ಅಂತ ಗೊತ್ತು. ಹಿರಿಯರನ್ನ ಕೂರಿಸಿದ್ದೂ ಆಗಿದೆ. 2022ರ ದೀಪಾವಳಿಗೆ ಎರಡೂ ಕಡೆಯವರು ಸೇರಿ ರಾಜಿ ಮಾಡಿ ಕಳಿಸಿದ್ರು, ಹೋದೆ. 15 ದಿನ ಇದ್ದೆ. ಹದಿನಾರನೇ ದಿನ ಅಪ್ಪ ಬಂದು ಕರ್ಕೊಂಡು ಬಂದ್ರು, ನನ್ನ ಫೋನ್ ಒಡೆದು ಸಿಂಕಿಗೆ ಹಾಕಿದ್ರು, ಪಕ್ಕದ ಮನೆಯವರ ಫೋನಿಂದ ಅಪ್ಪಂಗೆ ಮಾಡಿದ್ದೆ. ಮಗಳು ಈಗಲೂ ಯಾರಾದ್ರೂ ಬಾಗಿಲು ಜೋರಾಗಿ ಹಾಕಿದ್ರೆ ಬಂದು ನನ್ನ ಸೆರಗು ಹಿಡ್ಕೋತಾಳೆ. ಅವಳಿಗೆ ಗಂಡು ನೋಡೋ ಕಾಲ ದೂರ ಇದೆ, ಈಗ ಅವಳು ನೆಮ್ಮದಿಯಾಗಿ ನಿದ್ದೆ ಮಾಡ್ಬೇಕು ಅಷ್ಟೇ ನಂಗೆ.

ವಕಾಲತ್ತು ಅಕ್ಕ · ಆಗಸ್ಟ್ 4

ದಾವಣಗೆರೆ ಕಡೆ 17 ವರ್ಷದಿಂದ ಪ್ರಾಕ್ಟೀಸ್ ಮಾಡ್ತಿದ್ದೀನಿ, ಹೆಚ್ಚಿನವು ಇಂಥ ಕೇಸೇ. ಉದ್ದ ಆಗುತ್ತೆ, ಸಮಾಧಾನವಾಗಿ ಓದಿ ತಂಗಿ.

ಮೊದಲು ಒಂದು ಮಾತು ತಲೆಯಿಂದ ತೆಗೆದುಹಾಕಿ. ಡಿವೋರ್ಸ್ "ಕೊಡೋದು" ಗಂಡ ಅಲ್ಲ, ಕೋರ್ಟು. ಇಬ್ಬರ ಸೈನ್ ಬೇಕಾಗಿರೋದು ಹಿಂದೂ ವಿವಾಹ ಕಾಯ್ದೆ 13ಬಿ ಅಂತ ಒಂದು ಸೆಕ್ಷನ್ ಇದೆ, ಪರಸ್ಪರ ಒಪ್ಪಿಗೆದು, ಅದಕ್ಕೆ ಮಾತ್ರ. ಅದರಲ್ಲಂತೂ ಸೈನ್ ಹಾಕಿದವರೂ ಕೊನೇ ಡಿಕ್ರೀ, ಅಂದ್ರೆ ಕೋರ್ಟಿನ ತೀರ್ಪಿನ ಆದೇಶ, ಆಗೋ ಮುಂಚೆ ಮನಸ್ಸು ಬದಲಾಯಿಸಿ ಹಿಂದೆ ಸರೀಬಹುದು, 1991ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಒಪ್ಪಿಗೆ ಸಿಗದಿದ್ದಾಗ ಇರೋದು 13ನೇ ಸೆಕ್ಷನ್, ಅಲ್ಲಿ ಒಬ್ಬರೇ ಅರ್ಜಿ ಹಾಕ್ತಾರೆ, ಇನ್ನೊಬ್ಬರು ಒಪ್ಪದಿದ್ರೂ ಕೇಸ್ ನಡೆಯುತ್ತೆ. ಆದ್ರೆ ಕಾರಣ ಹೇಳ್ಬೇಕು, ಹೇಳಿದ್ದನ್ನ ತೋರಿಸ್ಬೇಕು. ಕ್ರೌರ್ಯ, ಎರಡು ವರ್ಷ ಬಿಟ್ಟುಹೋಗಿರೋದು, ಬೇರೆ ಸಂಬಂಧ, ಮತಾಂತರ, ವಾಸಿಯಾಗದ ತೀವ್ರ ಮಾನಸಿಕ ಕಾಯಿಲೆ, ಹೀಗೆ ಕಾರಣಗಳು ಇವೆ. ನಿಮ್ಮದು ಕ್ರೌರ್ಯ. ಹೊಡೆದ ಗಾಯದ ಗುರುತು ಇರಲೇಬೇಕು ಅಂತಿಲ್ಲ, 2007ರಲ್ಲಿ ಸಮರ್ ಘೋಷ್ ಕೇಸಲ್ಲಿ ಸುಪ್ರೀಂ ಕೋರ್ಟ್ ಮಾನಸಿಕ ಕ್ರೌರ್ಯ ಯಾವ್ಯಾವ ಥರ ಇರಬಹುದು ಅಂತ ಬಿಡಿಸಿ ಬಿಡಿಸಿ ಹೇಳಿದೆ. ಕಪಾಟಿಗೆ ಬೀಗ, 41 ದಿನದ ಮೌನ, ರಾತ್ರಿಯಿಡೀ ಹೊರಗೆ ನಿಲ್ಲಿಸಿದ್ದು, ಇವೆಲ್ಲ ಅದೇ.

ಇನ್ನು ನೀವು ಕೊನೇಲಿ ಒಂದು ಸಾಲಲ್ಲಿ ಹೇಳಿ ಮುಗಿಸಿದ್ರಲ್ಲ, ಜೀವನಾಂಶದ ಆರ್ಡರ್, ಅದನ್ನ ಓದಿ ನಾನು ಚೇರಲ್ಲಿ ನೆಟ್ಟಗೆ ಕೂತೆ. ಅದು ಕ್ರಿಮಿನಲ್ ಪ್ರೊಸೀಜರ್ ಕೋಡ್ 125ರ ಕೆಳಗೆ ಆಗಿದ್ದಾ? ಆಗಿದ್ರೆ ನಿಮ್ಮ ಕೈಲಿ ಇನ್ನೊಂದು ಕಾರಣ ಆಗಲೇ ಇದೆ. ಹಿಂದೂ ವಿವಾಹ ಕಾಯ್ದೆ 13(2)ರಲ್ಲಿ ಹೆಂಡತಿಗೆ ಮಾತ್ರ ಅಂತ ಇರೋ ಕಾರಣಗಳಲ್ಲಿ ಮೂರನೇದು ನೋಡಿ: ಹೆಂಡತಿ ಬೇರೆ ಇದ್ರೂ ಗಂಡ ಜೀವನಾಂಶ ಕೊಡಬೇಕು ಅಂತ 125ರಲ್ಲಿ ಆರ್ಡರ್ ಆಗಿ, ಆಮೇಲೆ ಒಂದು ವರ್ಷ ಇಲ್ಲಾ ಅದಕ್ಕಿಂತ ಹೆಚ್ಚು ಇಬ್ಬರೂ ಕೂಡಿ ಬಾಳಿಲ್ಲ ಅಂದ್ರೆ ಅದೇ ಕಾರಣಕ್ಕೆ ಹೆಂಡತಿ ಡಿವೋರ್ಸ್ ಕೇಳಬಹುದು. ಆರ್ಡರಿನ ಸರ್ಟಿಫೈಡ್ ಕಾಪಿ ಒಂದಿದ್ರೆ ಅರ್ಧ ಸಾಕ್ಷಿ ಅದೇ. ಹೋಗಿ ಆ ಆರ್ಡರ್ ತೆಗೆದು ಯಾವ ಸೆಕ್ಷನ್ ಅಂತ ನೋಡಿ ಹೇಳಿ.

ತುಂಗೆ ದಡದವಳು · ಆಗಸ್ಟ್ 4

ಅಕ್ಕಾ, ಟ್ರಂಕ್ ತೆಗೆದು ನೋಡಿದೆ. 125 ಅಂತಾನೇ ಇದೆ. ಡಿಸೆಂಬರ್ 2021. ಕೈ ನಡುಗ್ತಿದೆ, ಮೂರೂವರೆ ವರ್ಷದಿಂದ ಈ ಕಾಗದ ನನ್ನ ಹತ್ರನೇ ಇತ್ತು. ಆದ್ರೆ ಆ ದೀಪಾವಳಿ 15 ದಿನ? ಅದರಿಂದ ಎಲ್ಲ ಹಾಳಾಯ್ತಾ? ಅದನ್ನ ಹೇಳದೇ ಇದ್ರೆ?

ವಕಾಲತ್ತು ಅಕ್ಕ · ಆಗಸ್ಟ್ 4

ಹೇಳದೇ ಇರೋದು ಮಾತ್ರ ಬೇಡ. ಪಾಟಿ ಸವಾಲಲ್ಲಿ ಅವರ ಕಡೆ ವಕೀಲರು ಅದನ್ನೇ ಮೊದಲು ಎತ್ತೋದು, "ಹೋಗಿ ಇದ್ದಿದ್ದು ನಿಜ ತಾನೆ, ಅರ್ಜಿಲಿ ಯಾಕೆ ಬರೆದಿಲ್ಲ" ಅಂತ. ಒಂದು ಮುಚ್ಚಿಟ್ರೆ ಉಳಿದ ಹತ್ತು ನಿಜಾನೂ ಸುಳ್ಳಾಗಿ ಕಾಣುತ್ತೆ. ಹೋಗಿದ್ದೆ, ರಾಜಿಗಾಗಿ ಹೋಗಿದ್ದೆ, ಹದಿನಾರನೇ ದಿನ ಹೀಗಾಯ್ತು ಅಂತ ನೀವೇ ಬರೀರಿ. ಅವರು "ಹಳೇದನ್ನೆಲ್ಲ ಕ್ಷಮಿಸಿ ಬಂದಿದ್ಲು" ಅಂತ ವಾದ ಮಾಡಬಹುದು. ಆದ್ರೆ ಕ್ಷಮೆ ಅನ್ನೋದು ಮುಂದೆ ಸರಿಯಾಗಿ ನಡ್ಕೊಳ್ಳೋ ಷರತ್ತಿನ ಮೇಲೆ ಇರೋದು, ಮತ್ತೆ ಅದೇ ವರ್ತನೆ ಶುರು ಆದ್ರೆ ಹಳೇದೂ ಎದ್ದು ನಿಲ್ಲುತ್ತೆ. ಅವಧಿನೂ 2022ರ ನವೆಂಬರಿಂದಾನೇ ಲೆಕ್ಕ ಹಾಕಿ, ಆವಾಗಲೂ ಎರಡೂವರೆ ವರ್ಷ ದಾಟಿದೆ. ಹಾಗಾಗಿ ಕ್ರೌರ್ಯ, ಬಿಟ್ಟಿರೋದು, ಈ 13(2) ಮೂರೂ ಸೇರಿಸಿ ಒಂದೇ ಅರ್ಜಿ.

"ಬಿಟ್ಟಿರೋದು" ಅಂದಾಗ ಮನೆ ಬಿಟ್ಟು ಬಂದವಳು ನಾನಲ್ವಾ ಅಂತ ಹೆದರಬೇಡಿ. ಹೊಸ್ತಿಲು ದಾಟಿದವರು ಯಾರು ಅಂತ ಕೋರ್ಟ್ ನೋಡಲ್ಲ, ದಾಟೋ ಹಾಗೆ ಮಾಡಿದವರು ಯಾರು ಅಂತ ನೋಡುತ್ತೆ. ಹಿಂಸೆ ತಾಳಲಾರದೆ ಬಂದಿದ್ರೆ ಕಾನೂನಿನ ಲೆಕ್ಕದಲ್ಲಿ ಬಿಟ್ಟವರು ಅವರೇ.

ಅರ್ಜಿ ಹಾಕೋಕೆ ಬೆಂಗಳೂರಿಗೆ ಓಡಬೇಕಾಗಿಲ್ಲ. 2003ರ ತಿದ್ದುಪಡಿ ಆದ ಮೇಲೆ ಹೆಂಡತಿ ಈಗ ಎಲ್ಲಿ ವಾಸ ಇದ್ದಾಳೋ ಅಲ್ಲೇ ಹಾಕಬಹುದು.

@ಬೆಂಕಿಕಡ್ಡಿ, ನೀವು ಅವಳ ಮೇಲಿನ ಕಾಳಜಿಗೇ ಹೇಳಿದ್ದೀರಿ, ಆದ್ರೆ ಈ ಸಲಹೆ ಅವಳನ್ನೇ ಸುಡುತ್ತೆ. ನಡೆದಿದ್ದು ನಡೆದ ಹಾಗೆ ದೂರು ಕೊಡೋದು ಅವಳ ಹಕ್ಕು, ಗಂಡ, ಗಂಡನ ಮನೆಯವರ ಕ್ರೌರ್ಯದ ಹಳೇ ಸೆಕ್ಷನ್ 498ಎ ಈಗ ಭಾರತೀಯ ನ್ಯಾಯ ಸಂಹಿತೆಯ 85 ಆಗಿದೆ, ಯಾರೂ ತಡೆಯೋಕಾಗಲ್ಲ. ಆದ್ರೆ ವರದಕ್ಷಿಣೆ ಕೇಳದೇ ಇದ್ದವರ ಮೇಲೆ, ದೂರದೂರಲ್ಲಿರೋ ಭಾವನ ಮೇಲೆ ಸೈನ್ ಹಾಕಿಸೋಕೆ ಅಂತ ಸುಳ್ಳು ದೂರು ಕೊಟ್ರೆ, ಅದೇ ಗಂಡನ ಮೇಲೆ ಹೆಂಡತಿ ಮಾಡಿದ ಕ್ರೌರ್ಯ ಆಗುತ್ತೆ ಅಂತ 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಗೆಲ್ಲೋ ಕೇಸು ಕೈಯಾರೆ ಕೊಟ್ಟ ಹಾಗೆ.

ಮಲಪ್ರಭಾ · ಆಗಸ್ಟ್ 4

ಅಕ್ಕಾರ, ನಮ್ಮ ಕಡೆ ಹಿರ್ಯಾರು ಕೂತು ಸೋಡಚೀಟಿ, ಅಂದ್ರ ಗಂಡ ಹೆಂಡ್ತಿ ಬಿಡುಗಡಿ ಪತ್ರ, ಮಾಡಿಸಿಬಿಡ್ತಾರ್ರೀ, ಸ್ಟಾಂಪ್ ಪೇಪರ್ ಮ್ಯಾಲೆ ಬರದು ನೋಟರಿ ಮಾಡಿಸಿ ಇಬ್ರೂ ಸಹಿ ಮಾಡ್ತಾರ. ನಮ್ಮ ತಂಗೀದೂ ಹಂಗ ಆಗೇತಿ. ಅದು ನಡೀತದಲ್ರೀ?

ವಕಾಲತ್ತು ಅಕ್ಕ · ಆಗಸ್ಟ್ 4

ಬರೀ ಆ ಕಾಗದದ ಮೇಲೆ ಮದುವೆ ಮುಗಿಯಲ್ಲ. ಕಾಯ್ದೆಯ 29(2)ರಲ್ಲಿ ಸಮುದಾಯದ ರೂಢಿಗತ ವಿಚ್ಛೇದನಕ್ಕೆ ಜಾಗ ಇದೆ, ಆದ್ರೆ ನಮ್ಮ ಸಮುದಾಯದಲ್ಲಿ ಹಿಂದಿನಿಂದ ಈ ಪದ್ಧತಿ ನಡೆದುಬಂದಿದೆ ಅಂತ ಕೋರ್ಟಲ್ಲಿ ಸಾಬೀತು ಮಾಡಬೇಕು, ಅದು ಸುಲಭ ಅಲ್ಲ. ನೋಟರಿ ಸೀಲ್ ನಂಬಿ ಇನ್ನೊಂದು ಮದುವೆ ಆಗಿ, ಆಮೇಲೆ ಎರಡನೇ ಮದುವೆನೇ ಊರ್ಜಿತ ಅಲ್ಲ ಅಂತ ಆಗಿ, ಮಕ್ಕಳನ್ನ ಕಟ್ಕೊಂಡು ನನ್ನ ಆಫೀಸಿನ ಬೆಂಚ್ ಮೇಲೆ ಅಳ್ತಾ ಕೂತ ಹೆಣ್ಣುಮಕ್ಕಳನ್ನ ಎಷ್ಟೋ ಸಲ ನೋಡಿದ್ದೀನಿ. ನಿಮ್ಮ ತಂಗಿ ಕೇಸಲ್ಲಿ ಇಬ್ಬರೂ ಒಪ್ಪಿದ್ದಾರಲ್ಲ, ಅದೇ ಒಪ್ಪಿಗೆನ 13ಬಿ ಅರ್ಜಿಯಾಗಿ ಕೋರ್ಟಿಗೆ ಹಾಕಿಸಿ. ಒಂದು ವರ್ಷದಿಂದ ಬೇರೆ ಇರ್ಬೇಕು, ಹಾಕಿದ ಮೇಲೆ ಆರು ತಿಂಗಳು ಕಾಯೋದು ಇದೆ, ಎಲ್ಲ ಲೆಕ್ಕಾಚಾರ ಮುಗಿದಿದ್ರೆ ಆ ಆರು ತಿಂಗಳನ್ನ ಕೋರ್ಟ್ ಮನ್ನಾ ಮಾಡಬಹುದು ಅಂತ 2017ರ ತೀರ್ಪಿದೆ.

ಇದೇ ಥರ ಇನ್ನೊಂದು ಮಾತು ಓಡಾಡುತ್ತೆ, ಏಳು ವರ್ಷ ಬೇರೆ ಇದ್ರೆ ತಾನಾಗೇ ಡಿವೋರ್ಸ್ ಅಂತ. ಇಲ್ಲ. ಏಳು ವರ್ಷ ಅನ್ನೋದು ಆ ವ್ಯಕ್ತಿ ಬದುಕಿದ್ದಾನೆ ಅನ್ನೋ ಸುದ್ದಿನೇ ಇಲ್ಲದಾಗ. ಅದಕ್ಕೂ ಅರ್ಜಿ ಹಾಕಲೇಬೇಕು.

ಧಾರವಾಡ ಪೇಢೆ · ಆಗಸ್ಟ್ 5

ನಾ ಗಂಡಸು, ನನ್ನ ಕೇಸ್ ಉಲ್ಟಾ ಇತ್ತು, ಆಕಿ ಒಪ್ಪಿರ್ಲಿಲ್ಲ. ಹೇಳ್ತೀನಿ, ಯಾರಿಗರ ಉಪಯೋಗ ಆದೀತು.

2016ರಾಗ ಕ್ರೌರ್ಯದ ಮ್ಯಾಲೆ ಅರ್ಜಿ ಹಾಕಿದ್ದೆ. ಅರ್ಜ್ಯಾಗ ಏನ್ ಬರದಿತ್ತು ಅಂದ್ರ "ಹೊಂದಾಣಿಕಿ ಇಲ್ಲ, ಮಾನಸಿಕ ಹಿಂಸಾ ಕೊಟ್ಟಾಳ, ತಂದಿ ತಾಯಿಗೆ ಅವಮಾನ ಮಾಡ್ಯಾಳ" ಅಷ್ಟ. ಒಂದು ತಾರೀಖಿಲ್ಲ, ಒಂದು ಘಟನಾ ಇಲ್ಲ. ಪಾಟಿ ಸವಾಲಿನ್ಯಾಗ ಆಕಿ ವಕೀಲರು ಕೇಳಿದ್ದು ಮೂರ ಪ್ರಶ್ನೆ: ಯಾವಾಗ? ಎಲ್ಲಿ? ಯಾರ ಮುಂದ? ಕಟಕಟ್ಯಾಗ ನಿಂತು ನಂಗ ಒಂದಕ್ಕೂ ನೆಟ್ಟಗ ಉತ್ತರ ಕೊಡಾಕ ಆಗ್ಲಿಲ್ಲ. ಮೂರು ವರ್ಷ ವಾಯ್ದೆಕ್ಕ ಅಡ್ಡಾಡಿ 2019ರಾಗ ಅರ್ಜಿ ವಜಾ ಆತು. ಅಪೀಲಿಗೆ ಧಾರವಾಡ ಹೈಕೋರ್ಟಿಗೆ ಹೋದ್ವಿ, ಅಲ್ಲಿ ಮೀಡಿಯೇಷನ್‌ಗೆ ಕಳಿಸಿದ್ರು.

ಆ ಖೋಲ್ಯಾಗ ಮೀಡಿಯೇಟರ್ ಮೇಡಮ್ ಆಕೀನ ಒಂದ ಮಾತು ಕೇಳಿದ್ರು, "ನೀನು ಯಾಕ ಒಪ್ಪವಲ್ಲಿ ತಂಗಿ?" ಆರು ವರ್ಷದಾಗ ನಾನಾಗ್ಲಿ, ನಮ್ಮ ಮನಿಯವರಾಗ್ಲಿ, ವಕೀಲರಾಗ್ಲಿ ಒಬ್ಬರೂ ಆಕೀನ ಅದನ್ನ ಕೇಳಿರ್ಲಿಲ್ಲ. ಆಕಿ ಹೇಳಿದ್ದು, ನಮ್ಮಪ್ಪ ಹೊಲಾ ಮಾರಿ ಬಂಗಾರ ಹಾಕ್ಯಾನ, ಅದು ಇವರ ಲಾಕರ್‌ನ್ಯಾಗ ಐತಿ, ಡಿವೋರ್ಸ್ ಆದ್ರ ಅದೂ ಹೋತು ನಾನೂ ಬೀದಿಗೆ ಬಂದೆ, ಹೆಸರಿಗರ ಹೆಂಡ್ತಿ ಅಂತ ಇದ್ರ ಕೇಳೂ ಹಕ್ಕು ಉಳೀತದ ಅಂತ. ನಂಗ ತಲಿ ಎತ್ತಾಕ ಆಗ್ಲಿಲ್ಲ. ಮುಂದಿನ ತಿಂಗಳ ಬಂಗಾರ ತಂದು ತೂಕ ಮಾಡಿ ಕೊಟ್ವಿ, ಒಂದು ರಕಮು ಆಕಿ ಹೆಸರಿಗೆ ಬ್ಯಾಂಕಿನ್ಯಾಗ ಇಟ್ವಿ, ಜಂಟಿ ಅರ್ಜಿ ಆತು. 2022ರಾಗ ಮುಗೀತು.

ಅದಕ್ಕ ತಂಗಿ, ನಿಮ್ಮವರು ಯಾಕ ಒಲ್ಲೆ ಅನ್ನಾಕತ್ತಾರ ಅಂತ ಒಮ್ಮೆ ಗೊತ್ತ ಮಾಡ್ಕೋರಿ. ಜಿದ್ದಿಗೋ, ರೊಕ್ಕಕ್ಕೋ, ಮಂದಿ ಏನಂತಾರಂತನೋ. ಮತ್ತ ಅರ್ಜ್ಯಾಗ ತಾರೀಖು ಹಾಕೋದು ಮರೀಬ್ಯಾಡ್ರಿ.

ತುಂಗೆ ದಡದವಳು · ಆಗಸ್ಟ್ 5

ಅಣ್ಣಾ, ಓದಿ ತುಂಬಾ ಹೊತ್ತು ಸುಮ್ನೆ ಕೂತಿದ್ದೆ. ಅವರ ತಮ್ಮಂಗೆ ಹೆಣ್ಣು ನೋಡ್ತಿದ್ದಾರೆ, ಅಣ್ಣಂದು ಡಿವೋರ್ಸ್ ಅಂದ್ರೆ ಸಂಬಂಧ ಸಿಗಲ್ಲ ಅಂತ ಅತ್ತೆ ಯಾರ ಹತ್ರನೋ ಹೇಳಿದ್ರಂತೆ. ಅದಕ್ಕೇ ಇರ್ಬೇಕು. ತಾರೀಖಿನ ವಿಷಯಕ್ಕೆ, ನಮ್ಮಪ್ಪಂಗೆ ಡೈರಿ ಬರೆಯೋ ಅಭ್ಯಾಸ, ಎಲ್ಐಸಿ ಡೈರಿಲಿ ದಿನಕ್ಕೆರಡು ಸಾಲು. ತೆಗೆದು ನೋಡಿದ್ರೆ ಬೆಂಗಳೂರಿಗೆ ನನ್ನ ನೋಡೋಕೆ ಬಂದಾಗಿನದ್ದೆಲ್ಲ ಇದೆ, ಬಸ್ ಟಿಕೆಟ್ ಅಂಟಿಸಿದ್ದಾರೆ. "ಮಗಳು ಸೊರಗಿದ್ದಾಳೆ. ಕೇಳಿದರೆ ಏನೂ ಇಲ್ಲ ಅಂದಳು. ಬಾಳೆಹಣ್ಣು ಕೊಟ್ಟು ಬಂದೆ." ಅಂತ ಒಂದು ಕಡೆ. ಟಿಕೆಟ್ ಮಾತ್ರ ಎಷ್ಟೋ ಬಿಳಿ ಆಗಿಹೋಗಿವೆ, ಏನೂ ಕಾಣಲ್ಲ.

ವಕಾಲತ್ತು ಅಕ್ಕ · ಆಗಸ್ಟ್ 5

ಮಷೀನ್ ಟಿಕೆಟ್ ಥರ್ಮಲ್ ಪೇಪರು, ಬಿಸಿಲು ಬೆಳಕಿಗೆ ಅಳಿಸಿಹೋಗುತ್ತೆ. ಕಾಣೋವನ್ನ ಇವತ್ತೇ ಜೆರಾಕ್ಸ್ ಮಾಡಿಸಿ, ಮೂಲ ಹಾಗೇ ಇಡಿ. ಡೈರಿನ ತಿದ್ದಬೇಡಿ, ಹೊಸದಾಗಿ ಒಂದಕ್ಷರ ಸೇರಿಸಬೇಡಿ. ನಿಮ್ಮಪ್ಪ ಸಾಕ್ಷಿ ಹೇಳಬಹುದು, ಹಾಲಿನವರು, ಫೋನ್ ಕೊಟ್ಟ ಪಕ್ಕದ ಮನೆಯವರು ಬರ್ತಾರಾ ಕೇಳಿ. ಮನೆಯೊಳಗಿನ ವಿಷಯಕ್ಕೆ ಹೊರಗಿನ ಸಾಕ್ಷಿ ಎಲ್ಲಿಂದ ಬರಬೇಕು ಅನ್ನೋದು ಕೋರ್ಟಿಗೂ ಗೊತ್ತು, ಫ್ಯಾಮಿಲಿ ಕೋರ್ಟ್ ಕಾಯ್ದೆ 14ನೇ ಸೆಕ್ಷನ್ ಸಾಕ್ಷಿ ನಿಯಮಗಳನ್ನ ಸಡಿಲ ಮಾಡಿದೆ. ವಾಟ್ಸಾಪ್ ಮೆಸೇಜ್ ಇದ್ರೆ ಸ್ಕ್ರೀನ್‌ಶಾಟ್ ಸಾಲದು, ಫೋನ್ ಜೋಪಾನ ಮಾಡಿ, ಅದಕ್ಕೆ ಸರ್ಟಿಫಿಕೇಟ್ ಒಂದು ಕೊಡಬೇಕು, ವಕೀಲರು ಮಾಡಿಸ್ತಾರೆ. ಗಂಡ ಹೆಂಡತಿ ನಡುವಿನ ಫೋನ್ ರೆಕಾರ್ಡಿಂಗನ್ನ ಡಿವೋರ್ಸ್ ಕೇಸಲ್ಲಿ ಸಾಕ್ಷಿಯಾಗಿ ತಗೋಬಹುದು ಅಂತ ಹೋದ ತಿಂಗಳು, ಜುಲೈ 2025ರಲ್ಲಿ, ಸುಪ್ರೀಂ ಕೋರ್ಟ್ ಹೇಳಿದೆ.

ಬಾಕಿ ಜೀವನಾಂಶ ಬಿಡಬೇಡಿ. ಬಾಕಿ ಬಿದ್ದ ದಿನದಿಂದ ಒಂದು ವರ್ಷದ ಒಳಗೆ ವಸೂಲಿಗೆ ಅರ್ಜಿ ಹಾಕಬೇಕು, ತಡ ಮಾಡಿದಷ್ಟೂ ಹಳೇ ತಿಂಗಳುಗಳು ಕೈ ಜಾರುತ್ತವೆ. ಈಗ ಆ 125 ನಾಗರಿಕ ಸುರಕ್ಷಾ ಸಂಹಿತೆಯ 144 ಆಗಿದೆ, 2024 ಜುಲೈ 1ರಿಂದ. ಡಿವೋರ್ಸ್ ಅರ್ಜಿ ಜೊತೆ ಹಿಂದೂ ವಿವಾಹ ಕಾಯ್ದೆ 24ನೇ ಸೆಕ್ಷನ್ನಲ್ಲಿ ಮಧ್ಯಂತರ ಜೀವನಾಂಶ, ಕೋರ್ಟ್ ಖರ್ಚು ಎರಡನ್ನೂ ಕೇಳಬಹುದು, ಈಗ ಬರ್ತಿರೋದನ್ನ ಅದರಲ್ಲಿ ಹೇಳಲೇಬೇಕು. 2020ರ ರಜನೇಶ್ ನೇಹಾ ತೀರ್ಪಿನ ಪ್ರಕಾರ ಇಬ್ಬರೂ ಆಸ್ತಿ ಆದಾಯದ ಅಫಿಡವಿಟ್ ಕೊಡಬೇಕು, ಸಂಬಳ ಮುಚ್ಚಿಡೋದು ಮೊದಲಿನಷ್ಟು ಸುಲಭ ಅಲ್ಲ.

ವಕೀಲರ ಫೀಸಿನ ಚಿಂತೆ ಇದ್ರೆ ಕೋರ್ಟ್ ಆವರಣದಲ್ಲೇ ಕಾನೂನು ಸೇವಾ ಪ್ರಾಧಿಕಾರದ ಆಫೀಸ್ ಇರುತ್ತೆ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗ್ತಾರೆ. 15100ಕ್ಕೆ ಫೋನ್ ಮಾಡಿದ್ರೂ ಹೇಳ್ತಾರೆ.

ಜಯನಗರ 4ನೇ ಬ್ಲಾಕ್ · ಆಗಸ್ಟ್ 6

ಮೇಡಂ ನಂದೊಂದು ಪ್ರಶ್ನೆ. ಮದುವೆ ಸತ್ತೇ ಹೋಗಿದೆ, ಹತ್ತು ವರ್ಷದಿಂದ ಮುಖ ನೋಡಿಲ್ಲ ಅನ್ನೋದೇ ಒಂದು ಕಾರಣ ಆಗಬಾರದಾ? ನಾನು ನನ್ನ ಹೆಂಡತಿ ಬಗ್ಗೆ ಕೋರ್ಟಲ್ಲಿ ಕೆಟ್ಟದ್ದು ಹೇಳೋಕೆ ಇಷ್ಟಪಡಲ್ಲ, ಅವಳು ಕೆಟ್ಟವಳಲ್ಲ, ಇಬ್ಬರಿಗೂ ಆಗಲಿಲ್ಲ ಅಷ್ಟೇ. ಆದ್ರೆ ಅವಳು ಒಪ್ಪಲ್ಲ. ಒಬ್ಬರನ್ನ ಕ್ರೂರಿ ಅಂತ ಸಾಬೀತು ಮಾಡದೆ ಹೊರಗೆ ಬರೋಕೇ ಆಗಲ್ವಾ?

ವಕಾಲತ್ತು ಅಕ್ಕ · ಆಗಸ್ಟ್ 6

ಈ ಪ್ರಶ್ನೆ ನಂಗೂ ಎದೆಯಲ್ಲಿ ಮುಳ್ಳಿನ ಥರ ಇದೆ. ಕಾನೂನು ಆಯೋಗ 1978ರಲ್ಲೇ 71ನೇ ವರದಿಲಿ ಇದನ್ನ ಕಾರಣವಾಗಿ ಸೇರಿಸಿ ಅಂತು, 2009ರಲ್ಲಿ ಇನ್ನೊಂದು ವರದಿಲಿ ಮತ್ತೆ ಹೇಳ್ತು. 2013ರಲ್ಲಿ ರಾಜ್ಯಸಭೆ ಮಸೂದೆ ಪಾಸ್ ಮಾಡಿದ್ದೂ ಆಯ್ತು, ಕಾಯ್ದೆ ಆಗಲೇ ಇಲ್ಲ. ಹಾಗಾಗಿ ಫ್ಯಾಮಿಲಿ ಕೋರ್ಟು "ಮದುವೆ ಸರಿಹೋಗದಷ್ಟು ಮುರಿದಿದೆ" ಅಂತಷ್ಟೇ ಹೇಳಿ ಡಿಕ್ರೀ ಕೊಡೋಕಾಗಲ್ಲ. ಸುಪ್ರೀಂ ಕೋರ್ಟಿಗೆ ಮಾತ್ರ ಸಂವಿಧಾನದ 142ನೇ ವಿಧಿಲಿ ಆ ಅಧಿಕಾರ ಇದೆ, ಒಬ್ಬರು ವಿರೋಧ ಮಾಡಿದ್ರೂ ಕೊಡಬಹುದು ಅಂತ 2023ರ ಮೇ 1ಕ್ಕೆ ಶಿಲ್ಪಾ ಶೈಲೇಶ್ ಕೇಸಲ್ಲಿ ಐದು ನ್ಯಾಯಮೂರ್ತಿಗಳ ಪೀಠ ಹೇಳ್ತು. ಆದ್ರೆ ಅದೇ ತೀರ್ಪಲ್ಲಿ ಇದು ಹಕ್ಕಲ್ಲ, ಇದಕ್ಕೇ ಅಂತ ನೇರವಾಗಿ ಸುಪ್ರೀಂ ಕೋರ್ಟಿಗೆ ಬರೋ ಹಾಗಿಲ್ಲ ಅಂತಲೂ ಇದೆ. ಅದೇ ವರ್ಷ ಅಕ್ಟೋಬರಲ್ಲಿ 89 ವರ್ಷದ ಗಂಡ ಕೇಳಿದಾಗ ಕೊಡಲಿಲ್ಲ, 82 ವರ್ಷದ ಹೆಂಡತಿ ನಾನು ವಿಚ್ಛೇದಿತೆ ಅನ್ನಿಸ್ಕೊಂಡು ಸಾಯಲ್ಲ ಅಂದಿದ್ರು, ಆ ಮಾತಿಗೆ ಕೋರ್ಟ್ ಬೆಲೆ ಕೊಡ್ತು. ಇನ್ನೊಂದು ಕಡೆ 25 ವರ್ಷದಿಂದ ಬೇರೆ ಇದ್ದ ದಂಪತಿ ಕೇಸಲ್ಲಿ, ಇಂಥ ಸಂಬಂಧನ ಹೆಸರಿಗೆ ಎಳೆಯೋದೇ ಇಬ್ಬರಿಗೂ ಕ್ರೌರ್ಯ ಅಂತ 2023ರ ಏಪ್ರಿಲಲ್ಲಿ ಹೇಳಿದೆ. ಅದನ್ನ ಕೆಳಗಿನ ಕೋರ್ಟಲ್ಲೂ ತೋರಿಸಬಹುದು.

ನಿಮಗೆ ಇನ್ನೊಂದು ದಾರಿ. ಕೂಡಿ ಬಾಳಬೇಕು ಅಂತ 9ನೇ ಸೆಕ್ಷನ್ ಡಿಕ್ರೀ, ಇಲ್ಲಾ ಬೇರೆ ಇರೋಕೆ 10ನೇ ಸೆಕ್ಷನ್ನಿನ ಜುಡಿಷಿಯಲ್ ಸೆಪರೇಷನ್ ಡಿಕ್ರೀ, ಇವೆರಡರಲ್ಲಿ ಯಾವುದೇ ಆಗಿ ಒಂದು ವರ್ಷ ಕಳೆದ್ರೂ ಮತ್ತೆ ಸೇರಿಲ್ಲ ಅಂದ್ರೆ ಇಬ್ಬರಲ್ಲಿ ಯಾರು ಬೇಕಾದ್ರೂ ಡಿವೋರ್ಸ್ ಕೇಳಬಹುದು, 13(1ಎ). ಜುಡಿಷಿಯಲ್ ಸೆಪರೇಷನ್‌ಗೂ ಡಿವೋರ್ಸಿನ ಕಾರಣಗಳೇ ಬೇಕು, ಮದುವೆ ಮಾತ್ರ ಉಳಿದಿರುತ್ತೆ. ಆದ್ರೆ ಸರ್, ಕೂಡಿ ಬಾಳೋ ಮನಸ್ಸೇ ಇಲ್ದೆ ಡಿವೋರ್ಸಿಗೆ ಏಣಿ ಅಂತ 9 ಹಾಕಬೇಡಿ. ಅವಳು "ಬರ್ತೀನಿ" ಅಂತ ಪೆಟ್ಟಿಗೆ ಹಿಡಿದು ಬಂದು ನಿಂತ್ರೆ ಏನು ಮಾಡ್ತೀರಿ?

ತುಂಗೆ ದಡದವಳು · ಆಗಸ್ಟ್ 6

ಅಕ್ಕಾ, ಇವರು ನನ್ನ ಮೇಲೆ ಆ 9 ಹಾಕಿದ್ರೆ? "ಕೋರ್ಟಿಂದಾನೇ ಎಳ್ಕೊಂಡು ಬರ್ತೀನಿ" ಅಂತ ಒಂದು ಸಲ ಹೇಳಿದ್ರು.

ವಕಾಲತ್ತು ಅಕ್ಕ · ಆಗಸ್ಟ್ 6

ಯಾವ ಕೋರ್ಟೂ ಪೊಲೀಸರನ್ನ ಕಳಿಸಿ ಹೆಂಡತಿನ ಎಳ್ಕೊಂಡು ಬರಲ್ಲ ತಂಗಿ. ಡಿಕ್ರೀ ಆದ್ರೂ ಹೆಚ್ಚೆಂದ್ರೆ ಆಸ್ತಿ ಜಪ್ತಿ ತನಕ ಹೋಗಬಹುದು, ಮೈಮುಟ್ಟಿ ಕರ್ಕೊಂಡು ಹೋಗೋಕೆ ಇಲ್ಲ. ಹಾಕಿದ್ರೆ ಹಾಜರಾಗಿ, ತಕರಾರು ಹಾಕಿ, ಯಾಕೆ ಹೋಗಲ್ಲ ಅಂತ ಕಾರಣ ಹೇಳಿ, ಸುಮ್ಮನೆ ಮಾತ್ರ ಕೂರಬೇಡಿ. ಅಂಥ ಡಿಕ್ರೀ ಇದ್ರೂ ವಾಪಸ್ ಹೋಗದಿರೋಕೆ ಸರಿಯಾದ ಕಾರಣ ಇದ್ರೆ ಜೀವನಾಂಶ ತಪ್ಪಲ್ಲ ಅಂತ 2025ರ ಜನವರಿಲಿ ಸುಪ್ರೀಂ ಕೋರ್ಟ್ ಹೇಳಿದೆ.

ಕುಡ್ಲದ ಕಡಲು · ಆಗಸ್ಟ್ 7

ನಮ್ಮದು ಕೆಥೊಲಿಕ್ ಮದುವೆ ಮಾರಾಯ್ರೆ. ಚರ್ಚಿನ ಟ್ರಿಬ್ಯುನಲಿನಿಂದ ಅಣ್ಣನ ಮದುವೆ ಅಸಿಂಧು ಅಂತ ಕಾಗದ ಸಿಕ್ಕಿದೆ. ಅತ್ತಿಗೆ ಕೋರ್ಟಿಗೆ ಬರುವುದಿಲ್ಲ ಅಂತ ಹೇಳ್ತಾರೆ. ಆ ಕಾಗದ ಸಾಕಾಗುದಿಲ್ವಾ?

ವಕಾಲತ್ತು ಅಕ್ಕ · ಆಗಸ್ಟ್ 7

ಧರ್ಮದ ಲೆಕ್ಕಕ್ಕೆ ಸಾಕು, ಕಾನೂನಿಗೆ ಸಾಲದು. ನಿಮ್ಮ ದಕ್ಷಿಣ ಕನ್ನಡದಿಂದಲೇ ಈ ವಿಷಯ ಸುಪ್ರೀಂ ಕೋರ್ಟಿಗೆ ಹೋಗಿತ್ತು, 2017ರ ಜನವರಿಲಿ ವಜಾ ಆಯ್ತು. 1869ರ ವಿಚ್ಛೇದನ ಕಾಯ್ದೆಯಲ್ಲಿ ಅರ್ಜಿ ಹಾಕಬೇಕು. ಅತ್ತಿಗೆ ಬರದಿದ್ರೆ ಕೇಸ್ ನಿಲ್ಲಲ್ಲ, ಸಮನ್ಸ್ ಜಾರಿ ಆಗಿದ್ದೂ ಬರದಿದ್ರೆ ಏಕಪಕ್ಷೀಯವಾಗಿ ನಡೆಯುತ್ತೆ. ಆವಾಗಲೂ ಕಾರಣ ಸಾಬೀತು ಮಾಡಲೇಬೇಕು, ಎದುರಿಗೆ ಯಾರೂ ಇಲ್ಲ ಅಂತ ಸುಮ್ಮನೆ ಡಿಕ್ರೀ ಕೊಡಲ್ಲ. ಮುಸ್ಲಿಂ ಹೆಣ್ಣುಮಕ್ಕಳೂ ಯಾರಾದ್ರೂ ಓದ್ತಿದ್ರೆ, ಗಂಡ ಖುಲಾಕ್ಕೆ (ಹೆಂಡತಿ ಕೇಳಿ ಪಡೆಯೋ ವಿಚ್ಛೇದನ) ಒಪ್ಪದಿದ್ರೆ 1939ರ ಕಾಯ್ದೆ ಇದೆ, ಎರಡು ವರ್ಷ ಖರ್ಚಿಗೆ ಕೊಡದಿರೋದು, ಕ್ರೌರ್ಯ, ನಾಲ್ಕು ವರ್ಷ ಪತ್ತೆ ಇಲ್ಲದಿರೋದು ಎಲ್ಲ ಅದರಲ್ಲಿ ಕಾರಣಗಳೇ.

ನ್ಯೂಜೆರ್ಸಿ ಮೈಸೂರಿಗ · ಆಗಸ್ಟ್ 8

ಇಲ್ಲಿ ಒಬ್ಬರು ಹಾಕಿದ್ರೂ ಕಾರಣ ಕೇಳದೆ ಡಿವೋರ್ಸ್ ಆಗುತ್ತೆ. ಹೆಂಡತಿ ಮೈಸೂರಲ್ಲಿ, ಒಪ್ಪಲ್ಲ. ಇಲ್ಲೇ ಮುಗಿಸಿದ್ರೆ ಆಗಲ್ವಾ ಮೇಡಂ?

ವಕಾಲತ್ತು ಅಕ್ಕ · ಆಗಸ್ಟ್ 8

ಅಲ್ಲಿ ನೀವು ಅವಿವಾಹಿತರಾಗ್ತೀರಿ, ವಿಮಾನ ಇಳಿದ ಕೂಡಲೇ ಮತ್ತೆ ಗಂಡ ಆಗಿರ್ತೀರಿ. ಇಲ್ಲಿ ಹಿಂದೂ ಪದ್ಧತಿಲಿ ಆದ ಮದುವೆಗೆ, ನಮ್ಮ ಕಾಯ್ದೆಯಲ್ಲಿ ಇಲ್ಲದ ಕಾರಣಕ್ಕೆ, ಹೆಂಡತಿ ಆ ಕೋರ್ಟನ್ನ ಮನಸಾರೆ ಒಪ್ಪಿ ಹಾಜರಾಗದೆ ಇದ್ದಾಗ ಕೊಟ್ಟ ವಿದೇಶಿ ಡಿಕ್ರೀ ಇಲ್ಲಿ ನಡೆಯಲ್ಲ ಅಂತ 1991ರಿಂದಲೇ ತೀರ್ಪಿದೆ. ಅದನ್ನ ನಂಬಿ ಇಲ್ಲಿ ಬಂದು ಇನ್ನೊಂದು ಮದುವೆ ಆಗೋದು ದೊಡ್ಡ ತಪ್ಪಾಗುತ್ತೆ. ಮೈಸೂರಲ್ಲೇ ಅರ್ಜಿ ಹಾಕಿ, ಇಲ್ಲಾ ಮೀಡಿಯೇಷನ್ ಕೇಳಿ.

ತುಂಗೆ ದಡದವಳು · ನವೆಂಬರ್ 21

ಎಲ್ಲರಿಗೂ ನಮಸ್ಕಾರ, ತುಂಬಾ ಜನ ಏನಾಯ್ತು ಅಂತ ಕೇಳಿದ್ರಿ. ಕಾನೂನು ಸೇವಾ ಪ್ರಾಧಿಕಾರದಿಂದ ಒಬ್ಬ ವಕೀಲರನ್ನ ಕೊಟ್ಟರು, ಚಿಕ್ಕ ವಯಸ್ಸಿನ ಹುಡುಗಿ, ಅಪ್ಪನ ಡೈರಿ ಪೂರ್ತಿ ಓದಿ ತಾನೇ ತಾರೀಖಿನ ಪಟ್ಟಿ ಮಾಡ್ಕೊಂಡ್ಲು. ಸೆಪ್ಟೆಂಬರಲ್ಲಿ ಅರ್ಜಿ ಹಾಕಿದ್ವಿ, ಮೂರೂ ಕಾರಣ ಸೇರಿಸಿ, ದೀಪಾವಳಿದೂ ಬರೆದು. ಎಂ.ಸಿ. ನಂಬರ್ (ಕೇಸ್ ನಂಬರ್) ಬಂದಿದೆ, ಇ-ಕೋರ್ಟ್ಸ್ ಆ್ಯಪಲ್ಲಿ ನನ್ನ ಹೆಸರು ಅರ್ಜಿದಾರಳು ಅಂತ ಕಾಣುತ್ತೆ. ಮೊದಲ ಸಮನ್ಸನ್ನ ಅವರು ತಗೊಳ್ಳಲ್ಲ ಅಂದ್ರಂತೆ, "ನಿರಾಕರಿಸಿದ್ದಾರೆ" ಅಂತ ಷರಾ ಬರೆದು ವಾಪಸ್ ಬಂತು, ಜಡ್ಜ್ ಅದನ್ನೇ ಜಾರಿ ಆಗಿದೆ ಅಂತ ತಗೊಂಡ್ರು. ಅದು ಗೊತ್ತಾಗಿ ಮುಂದಿನ ವಾಯಿದೆಗೆ ವಕೀಲರನ್ನ ಇಟ್ಕೊಂಡು ಬಂದ್ರು. ಬಾಕಿಗೆ ಹಾಕಿದ ಅರ್ಜಿಗೆ 36,000 ಕಟ್ಟಿದ್ದಾರೆ.

ಕೋರ್ಟ್ ಹಾಲ್ ಹೊರಗೆ ಬೆಂಚ್ ಮೇಲೆ ಮೂರು ವರ್ಷದ ಮೇಲೆ ಮೊದಲ ಸಲ ಅವರನ್ನ ಹತ್ತಿರದಿಂದ ನೋಡಿದೆ, ಕೂದಲು ಬೆಳ್ಳಗಾಗಿದೆ. ಮೈಯೆಲ್ಲ ಬೆವೆತಿತ್ತು ನಂಗೆ. ಹೆಸರು ಕೂಗಿದಾಗ ಎದ್ದು ಒಳಗೆ ಹೋಗೋಕೆ ಮಾತ್ರ ಕಾಲು ತಡೀಲಿಲ್ಲ. ಮೀಡಿಯೇಷನ್‌ಗೆ ಕಳಿಸಿದ್ದಾರೆ, ಡಿಸೆಂಬರ್ 11ಕ್ಕೆ. ಅಲ್ಲಿ ಒತ್ತಾಯ ಮಾಡಿ ವಾಪಸ್ ಕಳಿಸ್ತಾರಾ ಅಕ್ಕಾ? ಅದೊಂದೇ ಭಯ.

ವಕಾಲತ್ತು ಅಕ್ಕ · ನವೆಂಬರ್ 21

ಇಲ್ಲ ತಂಗಿ. ಮೀಡಿಯೇಟರ್‌ಗೆ ಆರ್ಡರ್ ಮಾಡೋ ಅಧಿಕಾರನೇ ಇಲ್ಲ. ಬೇಡ ಅಂದ್ರೆ ಬೇಡ ಅಂತ ಬರೆದು ಕೋರ್ಟಿಗೆ ಕಳಿಸ್ತಾರೆ, ಕೇಸ್ ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರಿಯುತ್ತೆ, ಆ ಕೋಣೆಲಿ ಆಡಿದ ಮಾತು ಸಾಕ್ಷಿ ಆಗಲ್ಲ. ಒಬ್ಬರನ್ನೊಬ್ಬರು ನೋಡೋಕೆ ಕಷ್ಟ ಆದ್ರೆ ಬೇರೆ ಬೇರೆ ಕೂರಿಸಿ ಮಾತಾಡಿ ಅಂತ ಕೇಳಿ, ಒಪ್ತಾರೆ. ಮಗಳ ಖರ್ಚು, ನಿಮ್ಮ ಒಡವೆ, ಅವಳನ್ನ ಅವರು ಯಾವಾಗ ಎಲ್ಲಿ ನೋಡಬಹುದು, ಇಷ್ಟನ್ನೂ ಒಂದು ಹಾಳೇಲಿ ಬರ್ಕೊಂಡು ಹೋಗಿ. ತಮ್ಮನ ಮದುವೆ ವಿಷಯ ಇದೆ ಅಂದಿದ್ರಲ್ಲ, ಸದ್ದಿಲ್ಲದೆ ಬೇಗ ಮುಗಿಯೋದು ಅವರಿಗೂ ಬೇಕಾಗಿರಬಹುದು, ಅದನ್ನ ಮೀಡಿಯೇಟರ್ ಬಾಯಿಂದಾನೇ ಹೇಳಿಸಿ. ಮತ್ತೆ ಕೇಸ್ ಮುಗಿಯೋಕೆ ಟೈಮ್ ಹಿಡಿಯುತ್ತೆ, ಕಾಯ್ದೆಲಿ ಆರು ತಿಂಗಳಲ್ಲಿ ಮುಗಿಸೋಕೆ ಪ್ರಯತ್ನ ಮಾಡಿ ಅಂತಿದೆ, ನಡೆಯೋದು ವರ್ಷಗಟ್ಟಲೆ. ಡಿಕ್ರೀ ಆದ ಮೇಲೂ ಅಪೀಲಿನ ಅವಧಿ ಇರುತ್ತೆ.

ಧಾರವಾಡ ಪೇಢೆ · ನವೆಂಬರ್ 21

11ಕ್ಕ ನಿಮ್ಮಪ್ಪನ್ನ ಕರ್ಕೊಂಡು ಹೋಗ್ರಿ ತಂಗಿ. ಒಳಗ ಬಿಡ್ಲಿಲ್ಲಂದ್ರೂ ಹೊರಗ ಕುಂದರ್ಲಿ.

ತುಂಗೆ ದಡದವಳು · ನವೆಂಬರ್ 22

ಬರ್ತಾರೆ ಅಣ್ಣಾ. ಈಗಲೇ ಡೈರಿಲಿ ಬರ್ಕೊಂಡಿದ್ದಾರೆ.